ಚೆಂಡು ಬಾರದ ಕಡೆ

ನದಿಯ ದಡದಲ್ಲಿ ಕಾವೇರಮ್ಮನವರ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇತ್ತು. ಸಂಬಳಕ್ಕೆ ಆಡುವ ಹೆಣ್ಣುಮಕ್ಕಳ ತಂಡವೊಂದನ್ನು ಅವರು ಅಲ್ಲಿ ಪಳಗಿಸುತ್ತಿದ್ದರು. ಕೋಚ್ ಆಗುವ ವಿದ್ಯೆ ಕಲಿಯಲು ಅವರ ಬಳಿಗೆ ಬಂದವಳು ಸುಮೇಧಾ.

ಸುಮೇಧಾ ಒಂದು ಕಾಲಕ್ಕೆ ಹೆಸರಾದ ಆಟಗಾರ್ತಿ. ಕೈಗೆ ಚೆಂಡು ಸಿಕ್ಕರೆ ಸಾಕು, ಪಾಯಿಂಟ್ ಬಂದಂತೆಯೇ. ಅದನ್ನು ಅವಳೂ ಮರೆತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಡುತ್ತಿರಲಿಲ್ಲ.

ಆ ವರ್ಷ ತಂಡದಿಂದ ಒಬ್ಬಳನ್ನು ಕೈಬಿಡಬೇಕಾಗಿ ಬಂತು. ಯಾರನ್ನು ಅನ್ನುವುದನ್ನು ಕಾವೇರಮ್ಮ ಶಿಷ್ಯೆಗೇ ಬಿಟ್ಟರು. ಸಂಜೆ ತಂಡದ ಮಾಲೀಕರು ಬರುವವರಿದ್ದರು.

"ಶಿವನಂಜಿ," ಎಂದಳು ಸುಮೇಧಾ, ಯೋಚನೆಯನ್ನೂ ಮಾಡದೆ.

"ಯಾಕೆ?"

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ? ಅವಳು ಪಾಯಿಂಟ್ ಮಾಡೋದೇ ಅಪರೂಪ. ಎದುರಿನವರ ಕೈಯಿಂದ ಚೆಂಡು ಕಿತ್ತಿದ್ದೂ ಅಷ್ಟರಲ್ಲೇ ಇದೆ. ಸ್ಕೋರ್ ಶೀಟ್ ನೋಡಿದ್ರೆ ಅವಳ ಮುಂದೆ ಬರೀ ಸೊನ್ನೆ."

"ಅವಳಿಗೆ ಹೇಳಿದೆಯಾ?"

"ಇಲ್ಲ."

ಸುಮೇಧಾಳ ದನಿ ತಗ್ಗಿತು. ಶಿವನಂಜಿಯ ಸಂಬಳದಲ್ಲೇ ಅವಳ ತಂಗಿ ನರ್ಸಿಂಗ್ ಓದುತ್ತಿದ್ದಳು. ಅದು ಗೊತ್ತಿದ್ದರಿಂದ ಸುಮೇಧಾಗೆ ಪಾಪ ಅನ್ನಿಸಿತ್ತು. ಆದರೆ ಪಾಪ ಅಂದುಕೊಂಡು ತಂಡ ಕಟ್ಟಲಾಗುತ್ತದೆಯೇ?

ಕಾವೇರಮ್ಮ ಚೆಂಡನ್ನು ನಿಧಾನವಾಗಿ ಪುಟಿಸುತ್ತಿದ್ದರು. "ಬೇರೇನೂ ಕಾಣಲಿಲ್ಲವಾ ನಿನಗೆ?"

"ಒಂದು ಮಾತ್ರ ಅರ್ಥವಾಗಿಲ್ಲ ಮೇಡಂ. ಪ್ರಾಕ್ಟೀಸಿಗೆ ಎರಡು ಗುಂಪು ಮಾಡಿದಾಗಲೆಲ್ಲ ಶಿವನಂಜಿ ನಮ್ಮ ಕಡೆಗೆ, ನಮ್ಮ ಕಡೆಗೆ ಅಂತ ಹುಡುಗೀರು ಜಗಳ ಆಡ್ತಾರೆ. ಅದರಲ್ಲೂ ಜಾಸ್ತಿ ಪಾಯಿಂಟ್ ಹೊಡೆಯೋರೇ ಮುಂದು."

"ಯಾಕಿರಬಹುದು?"

"ಪಾಲು ಕೇಳದವರನ್ನ ಯಾರು ಬೇಡ ಅಂತಾರೆ? ಚೆಂಡು ಕೊಡು ಅಂತ ಅವಳು ಪೀಡಿಸಲ್ಲವಲ್ಲ."

ಹೇಳಿದ್ದೇನೋ ಹೇಳಿದಳು, ಆದರೆ ಆ ಉತ್ತರ ಅವಳಿಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಅದು ಕೆಣಕುತ್ತಲೇ ಇತ್ತು.

"ಶಿವನಂಜೀ, ಬಾ ಇಲ್ಲಿ," ಎಂದು ಕಾವೇರಮ್ಮ ಕೂಗಿದರು.

ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಅವಳು ಬಂದಳು.

"ನಾನು ಸುಮೇಧಾಗೆ ಚೆಂಡು ಕೊಡಬೇಕು. ಅದು ಇವಳ ಕೈ ಸೇರದ ಹಾಗೆ ನೀನು ನೋಡಿಕೋ."

"ಆಯ್ತು ಮೇಡಂ." ಶಿವನಂಜಿ ಸುಮೇಧಾಳ ಪಕ್ಕಕ್ಕೆ ಬಂದು ನಿಂತಳು. "ಅಕ್ಕಾ, ಎಲ್ಲಾದ್ರೂ ಮೈಗೆ ತಾಗಿದ್ರೆ ಬೈಬೇಡಿ."

ಸುಮೇಧಾಗೆ ನಗು ಬಂತು.

ಅವಳು ಬಲಕ್ಕೆ ಓಡಿದಳು. ಶಿವನಂಜಿ ಆಗಲೇ ಅಲ್ಲಿದ್ದಳು.

ಎಡಕ್ಕೆ ಹೊರಳಿದಳು. ಅವಳಿಗೂ ಚೆಂಡಿಗೂ ನಡುವೆ ಶಿವನಂಜಿಯ ಅಂಗೈ ಅಡ್ಡ ಇತ್ತು.

ಬ್ಯಾಸ್ಕೆಟ್ಟಿನ ಕೆಳಗೆ ನುಗ್ಗಲು ನೋಡಿದಳು. ಆ ದಾರಿಯಲ್ಲಿ ಒಂದು ಭುಜ ಮೊದಲೇ ಹೋಗಿ ನಿಂತಿತ್ತು. ತಳ್ಳಿದ್ದಿಲ್ಲ, ಎಳೆದದ್ದಿಲ್ಲ.

"ಕೊಡಿ ಮೇಡಂ!"

"ಎಲ್ಲಿಗೆ ಕೊಡಲಿ?" ಕಾವೇರಮ್ಮ ದೇವರ ಮುಂದೆ ಕಾಯಿ ಹಿಡಿದವರಂತೆ ಚೆಂಡು ಹಿಡಿದು ನಿಂತೇ ಇದ್ದರು.

ಸುಮೇಧಾಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಕೊನೆಗೆ ಉಸಿರು ಕಟ್ಟಿತು. ಮೊಣಕಾಲಿನ ಮೇಲೆ ಕೈಯೂರಿ ನಿಂತುಬಿಟ್ಟಳು.

"ಸಾಕು," ಎಂದರು ಕಾವೇರಮ್ಮ.

ಶಿವನಂಜಿ ನೀರಿನ ಬಾಟಲಿ ತಂದುಕೊಟ್ಟಳು. "ಚೆನ್ನಾಗಿ ಓಡ್ತೀರ ಅಕ್ಕಾ," ಎಂದು ಹೊರಟುಹೋದಳು. ಅದು ಹೊಗಳಿಕೆಯೋ ತಮಾಷೆಯೋ ಸುಮೇಧಾಗೆ ತಿಳಿಯಲಿಲ್ಲ.

"ಈಗ ಸ್ಕೋರ್ ಬರೆಯೋಣ," ಎಂದರು ಕಾವೇರಮ್ಮ. "ನೀನು ಎಷ್ಟು ಸಲ ಗುರಿ ತಪ್ಪಿದೆ?"

"ಚೆಂಡೇ ಬರಲಿಲ್ಲವಲ್ಲ ಮೇಡಂ."

"ಅವಳು ನಿನ್ನಿಂದ ಎಷ್ಟು ಸಲ ಕಿತ್ತುಕೊಂಡಳು?"

"ನನ್ನ ಕೈಗೆ ಬಂದರೆ ತಾನೇ ಕಿತ್ತುಕೊಳ್ಳೋದು?"

"ಹಾಗಾದರೆ ಅವಳ ಮುಂದೆ ಏನು ಬರೀತೀಯ?"



"ಸೊನ್ನೆ," ಎಂದಳು. ಆಮೇಲೆ, "ನನ್ನ ಮುಂದೂ ಸೊನ್ನೆ," ಎಂದಳು.

ಕಾವೇರಮ್ಮ ಮತ್ತೆ ಚೆಂಡು ಪುಟಿಸತೊಡಗಿದರು.

"ಕೊನೆಕೊನೆಗೆ ನಾನು ಚೆಂಡು ಕೇಳೋದನ್ನೇ ಬಿಟ್ಟಿದ್ದೆ ಅಲ್ಲವಾ ಮೇಡಂ? ಚಾಚಿದ ಕೈ ಯಾವಾಗ ಇಳಿಸಿದೆ ಅಂತ ನನಗೇ ಗೊತ್ತಾಗಲಿಲ್ಲ." ಹಾಗೆ ಹೇಳುತ್ತಲೇ ಅವಳ ಕಣ್ಣು ಅಗಲವಾಯಿತು. "ಅಯ್ಯೋ! ಹುಡುಗೀರು ಜಗಳ ಆಡೋದು ಅವಳು ಪಾಲು ಕೇಳಲ್ಲ ಅಂತಲ್ಲ. ಅವಳ ಎದುರು ಆಡೋದಕ್ಕೆ ಯಾರಿಗೂ ಇಷ್ಟವಿಲ್ಲ!"

ಕಾವೇರಮ್ಮ ಮುಗುಳ್ನಕ್ಕರು.

ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಮಾಲೀಕರು ಬಂದಿದ್ದರು. ಸುಮೇಧಾ ಗೇಟಿನತ್ತ ತಿರುಗಿ ನೋಡಿದಳು.

"ಅವಳನ್ನ ಬಿಡೋ ಹಾಗೇ ಇಲ್ಲ ಮೇಡಂ. ಆದರೆ ಅವರು ಅಂಕಿ ನೋಡೋ ಜನ. ಇದನ್ನ ಅವರಿಗೆ ಹೇಗೆ ವಿವರಿಸಲಿ?"

ಕಾವೇರಮ್ಮ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡರು.

"ವಿವರಿಸೋಕೆ ಹೋಗಬೇಡ. ಅವರೇ ಷೂ ಹಾಕ್ಕೊಂಡು ಶಿವನಂಜಿ ಎದುರು ಕೋರ್ಟಿಗೆ ಬರಬೇಕಂತೆ ಅಂತ ಹೇಳು."