ಬಾಗಿಲಿಲ್ಲದ ಗೋಡೆ

ಬಾಣಂತಿಯೊಬ್ಬಳ ನೆತ್ತರಿನಲ್ಲಿ ಕಬ್ಬಿಣದ ಕಣವೊಂದು ಪ್ರೋಟೀನ್ ವಾಹಕನ ಹೆಗಲೇರಿ ಹೊರಟಿತ್ತು. ಮೂಳೆಯೊಳಗಿನ ಜೀವಕೋಶವೊಂದು ಕಬ್ಬಿಣವಿಲ್ಲದೆ ಸೊರಗುತ್ತಿತ್ತು. ಇಬ್ಬರೂ ಅಲ್ಲಿಗೆ ಹೋಗಿ ನೋಡಿದರೆ ಕೋಶದ ಸುತ್ತಲೂ ಗೋಡೆ.

"ಅಣ್ಣಾ, ನಾವು ನುಗ್ಗುವಷ್ಟು ದೊಡ್ಡ ಬಾಗಿಲೇ ಇಲ್ಲವಲ್ಲ!" ಎಂದು ಕಣ ಹೆದರಿತು.

"ತಡಿ, ಗೋಡೆಗೆ ನನ್ನ ಪರಿಚಯವಿದೆ," ಎಂದು ವಾಹಕ ಅದನ್ನು ಮುಟ್ಟಿದ.

ಮುಟ್ಟಿದಲ್ಲೇ ಗೋಡೆ ಒಳಕ್ಕೆ ಬಾಗಿ ಬೊಗಸೆಯಾಯಿತು. ಆ ಬೊಗಸೆ ಇಬ್ಬರನ್ನೂ ಸುತ್ತಿಕೊಂಡು, ಚೀಲವಾಗಿ ಗೋಡೆಯಿಂದ ಕಳಚಿ ಒಳಗೆ ತೇಲಿತು. ಚೀಲದೊಳಗೆ ಹುಳಿ ಏರುತ್ತಿದ್ದಂತೆ ವಾಹಕನ ಹಿಡಿತ ಸಡಿಲಿ, ಕಣ ಕೋಶದೊಳಕ್ಕೆ ಇಳಿಯಿತು.

ಕಣ ಬೆರಗಾಗಿ ಚೀಲವನ್ನು ಕೇಳಿತು: "ತಾಯೀ, ನನಗಾಗಿ ನಿನ್ನ ಮೈಯನ್ನೇ ಹರಿದುಕೊಂಡೆಯಾ?"

"ಬರೀ ಕಾವಲು ಕಾಯುತ್ತ ನಿಂತಿದ್ದರೆ ಒಳಗಿನವರು ಹಸಿದು ಸಾಯುತ್ತಿದ್ದರು ಮಗೂ," ಎಂದಿತು ಚೀಲ. ಬಳಿಕ ವಾಹಕನನ್ನು ಹೊರಗೆ ಬಿಟ್ಟು, ಮರಳಿ ಗೋಡೆಯಲ್ಲಿ ಬೆರೆತುಹೋಯಿತು.

ಗೋಡೆ ಎಲ್ಲಿ ಹರಿದಿತ್ತೆಂದು ಕಣ ಎಷ್ಟು ಹುಡುಕಿದರೂ ಒಂದು ಗೀರೂ ಕಾಣಲಿಲ್ಲ.