ಕಂಬಳಿಗುಡ್ಡದಲ್ಲಿ ಕಲ್ಲು ನೆಡಲಾಗದ ಕಥೆ

ಬೂದಿಗೋಳದಿಂದ ತೆಂಕಲಿಗೆ ಒಂದು ಹರದಾರಿ ದೂರದಲ್ಲಿರುವ ಕಂಬಳಿಗುಡ್ಡವನ್ನು ನೋಡಲು ಬಂದವರು ಮೊದಲು ಮೂಗು ಮುರಿಯುತ್ತಾರೆ. ಗುಡಿಯಿಲ್ಲ, ಕೋಟೆಯಿಲ್ಲ, ನೆರಳಿಗೊಂದು ಮರವೂ ಇಲ್ಲ. ನೆತ್ತಿಯ ಮೇಲೆ ಹಾಸಿದ ಕರಿಕಂಬಳಿ, ಅದರ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಅಡಿಯಲ್ಲಿ ಮೊಣಕಾಲುದ್ದದ ಒಂದು ಗುಂಡಿ. ಇಷ್ಟಕ್ಕೇ ಬಂದೆವೇ ಎಂದು ಕೇಳುವವರಿಗೆ ನಾನು ಹೇಳುವುದುಂಟು: ಇಲ್ಲಿ ಏನೂ ಇಲ್ಲವೆಂದು ನಿಮಗಿಂತ ಮೊದಲೇ ಒಬ್ಬ ಹೇಳಿದ್ದ, ಅವನ ಕೈಯಲ್ಲಿ ಲೇಖನಿಯೂ ಇತ್ತು.

ಹಿಂದೆ ಒಮ್ಮೆ, ಕಂಪನಿ ಸರ್ಕಾರದ ಕಾಲದಲ್ಲಿ, ಥಾರ್ಲಿ ಎಂಬ ದೊರೆ ಈ ಸೀಮೆಯ ವರ್ಣನೆ ಬರೆಯಲು ಬಂದನಂತೆ. ಅವನು ಇಂಗ್ಲೆಂಡಿನ ಲಿಂಕನ್‌ಶೈರ್ ಎಂಬ ಸೀಮೆಯವನು. ಆ ಸೀಮೆಯ ಹೊಳೆ, ಪೇಟೆ, ಹುಲ್ಲುಗಾವಲು, ಉಣ್ಣೆಯ ಹುಟ್ಟುವಳಿ ಎಲ್ಲವನ್ನೂ ವಿವರಿಸಿದ ಹಳೆಯ ಪುಸ್ತಕವೊಂದು ಅವನ ಪೆಟ್ಟಿಗೆಯಲ್ಲಿತ್ತು. ನಮ್ಮ ಸೀಮೆಯನ್ನೂ ಅದೇ ಮಾದರಿಯಲ್ಲಿ ಬರೆದಿಡುವುದು ಅವನ ಹಂಬಲ. ತಮ್ಮೂರಿನ ದೊಡ್ಡ ದೊಡ್ಡ ಇಗರ್ಜಿಗಳು ಎದ್ದದ್ದೇ ಕುರಿಯ ಉಣ್ಣೆಯಿಂದ ಎಂದು ಅವನು ಡೇರೆಯ ಮುಂದೆ ಕುಳಿತು ಹೇಳಿಕೊಳ್ಳುತ್ತಿದ್ದ. ಗುಮಾಸ್ತ ಶ್ರೀಪಾದರಾಯರು ಅದನ್ನು ಊರವರಿಗೆ ಕನ್ನಡದಲ್ಲಿ ತಿಳಿಸುತ್ತಿದ್ದರು. ಮನುಷ್ಯ ಕೆಟ್ಟವನಲ್ಲ ಎನ್ನುತ್ತಾರೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಂದ. ಬೇಸಿಗೆಯಲ್ಲಿ ನಮ್ಮ ಕುರುಬರು ಆ ಗುಡ್ಡಕ್ಕೆ ಕುರಿ ಬಿಡುವುದಿಲ್ಲ. ಹುಲ್ಲಿನ ಬೇರು ಉಳಿಯಲೆಂದು ಗಂಡಸರು ಹಿಂಡು ಹೊಡೆದುಕೊಂಡು ಹೊಳೆಸಾಲಿಗೆ ಹೋಗಿಬಿಡುತ್ತಾರೆ. ಹೀಗಾಗಿ ದೊರೆಗೆ ಕಂಡದ್ದು ಹುಲ್ಲೂ ಕುರಿಯೂ ಇಲ್ಲದ ಬೋಳುಗುಡ್ಡ. ಒಬ್ಬರನ್ನೂ ಕೇಳದೆ, ‘ಬರಡು, ಯಾರ ಉಪಯೋಗಕ್ಕೂ ಇಲ್ಲ’ ಎಂದು ಬರೆದ. ಹಾಗೆ ಬರೆದ ನೆಲ ಕಲ್ಲು ಒಡೆಯುವ ಗುತ್ತಿಗೆದಾರನ ಪಾಲಾಗುತ್ತಿತ್ತು. ಗಡಿಕಲ್ಲು ನೆಡಲು ನೆತ್ತಿಯಲ್ಲಿ ಗುಂಡಿಯೂ ಆಯಿತು. ಆ ಕಲ್ಲು ನಿಂತಿದ್ದರೆ ಮುಂಗಾರಿಗೆ ಮರಳುವ ಕುರಿಗಳಿಗೆ ಮೇಯಲು ನೆಲವೇ ಇರುತ್ತಿರಲಿಲ್ಲ.

ಊರಲ್ಲಿ ಉಳಿದಿದ್ದವರು ಹೆಂಗಸರು, ಮುದುಕರು. ದೊರೆ ಬರೆದದ್ದನ್ನು ಅವರಿಗೆ ತಿಳಿಸಿ, ಅರ್ಜಿ ಬರೆಸಿ ಎಂದರು ಗುಮಾಸ್ತರು. ಉಣ್ಣೆ ನೂಲುವ ಮಾಳವ್ವ ಎಂಬ ವಿಧವೆ ಅರ್ಜಿಯ ಗೊಡವೆಗೆ ಹೋಗಲಿಲ್ಲ. ನಮ್ಮಲ್ಲಿ ನ್ಯಾಯಕ್ಕೆ ಕೂರುವಾಗ ಕರಿಕಂಬಳಿಯ ಗದ್ದುಗೆ ಹಾಸುತ್ತಾರೆ. ಹಾಸಿದ ಮೇಲೆ ನ್ಯಾಯ ತೀರುವವರೆಗೆ ಅದನ್ನು ಯಾರೂ ತುಳಿಯುವಂತಿಲ್ಲ, ಎತ್ತುವಂತಿಲ್ಲ. ಮರುದಿನ ಬೆಳಿಗ್ಗೆ ಕಲ್ಲು ಹೊತ್ತು ಮೇಲೇರಿದ ಆಳುಗಳಿಗೆ ಗುಂಡಿಯ ಮೇಲೆ ಕಂಬಳಿ ಕಂಡಿತು, ಪಕ್ಕದಲ್ಲಿ ಮಾಳವ್ವ. ಅವರು ಕಲ್ಲು ಇಳಿಸಿ ದೂರ ಸರಿದರು. ದೊರೆ ಗದರಿದ, ಚಾಟಿ ತೋರಿಸಿದ, ಒಬ್ಬನೂ ಮಿಸುಕಲಿಲ್ಲ. ಕೊನೆಗೆ ತಾನೇ ಎತ್ತಲು ಬಂದ. ಮಾಳವ್ವ ಕೂತಲ್ಲಿಂದಲೇ ಕೇಳಿದಳಂತೆ:

“ನಿಮ್ಮ ಸೀಮ್ಯಾಗ ಕುರಿ ಮೇಯೋ ನೆಲಾನ ಸಿರಿ ಅಂತ ಬರಕೊಂಡೀರಿ. ನಮ್ಮ ಸೀಮ್ಯಾಗ ಅದು ಬರಡು ಹೆಂಗಾತು? ಇದರ ನ್ಯಾಯ ಆಗೂತನಕ ಕಂಬಳಿ ಏಳಂಗಿಲ್ಲ, ನಾನೂ ಏಳಂಗಿಲ್ಲ.”

ಗುಮಾಸ್ತರು ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು; ಆ ಧೈರ್ಯಕ್ಕೆ ನಾನು ಇಂದಿಗೂ ಕೈ ಮುಗಿಯುತ್ತೇನೆ. ದೊರೆಯ ಬೂಟು ಕಂಬಳಿಯ ಅಂಚಿನಲ್ಲೇ ನಿಂತಿತು. ಹತ್ತೊಂಬತ್ತು ದಿನ ಮಾಳವ್ವ ಅಲ್ಲೇ ಉಂಡಳು, ಅಲ್ಲೇ ನೂತಳು. ಅಷ್ಟರಲ್ಲಿ ಮಳೆ ಬಿತ್ತು, ಗುಡ್ಡ ಹಸಿರಾಯಿತು, ಹಿಂಡುಗಳು ಮರಳಿ ಬಂದು ನೆತ್ತಿಯವರೆಗೂ ಮೇದವು. ದೊರೆ ಅದನ್ನೆಲ್ಲ ನೋಡಿ, ಗಡಿಗೆರೆಯನ್ನು ಗುಡ್ಡದ ಬುಡದಲ್ಲಿ ಸುತ್ತಿಸಿಕೊಂಡು ಹೋದ. ಆದರೆ ‘ಬರಡು’ ಎಂದು ಬರೆದದ್ದನ್ನು ಮಾತ್ರ ಹೊಡೆದು ಹಾಕಲಿಲ್ಲ. ತಪ್ಪಾಯಿತು ಎಂದು ಬರೆಯುವಷ್ಟು ದೊಡ್ಡವನಾಗಿರಲಿಲ್ಲ.

ಕಲ್ಲಿನ ಭಯ ತಪ್ಪಿದ್ದರಿಂದ ಮಾಳವ್ವ ಎದ್ದು ಮನೆಗೆ ಹೋದಳು, ಆದರೆ ನ್ಯಾಯ ತೀರಲಿಲ್ಲವಾದ್ದರಿಂದ ಕಂಬಳಿಯನ್ನು ಎತ್ತಲಿಲ್ಲ. ಜೀರ್ಣವಾದದ್ದರ ಮೇಲೆ ಪ್ರತಿ ಮುಂಗಾರಿಗೆ ಹೊಸದೊಂದನ್ನು ಹಾಸುತ್ತ ಬಂದಿದ್ದಾರೆ. ನಕ್ಷೆಯಲ್ಲಿ ನೋಡಿ, ಗೆರೆ ಅಲ್ಲಿ ಈಗಲೂ ಬಾಗುತ್ತದೆ. ಹೋದ ವರ್ಷ ಅಳತೆಯ ಯಂತ್ರ ಹೊತ್ತು ಬಂದವರು, ಎರಡೇ ನಿಮಿಷ ಕಂಬಳಿ ಎತ್ತಮ್ಮಾ ಎಂದು ಮಾಳವ್ವನ ಮನೆತನದ ಮುದುಕಿಯನ್ನು ಕೇಳಿಕೊಂಡರು. ದೊರೆ ಬರೆದ ಪುಸ್ತಕದೊಳಗಿನ ‘ಬರಡು’ ಎಂಬ ಮಾತನ್ನು ಹೊಡೆದು ಹಾಕಿದಿರಾ ಎಂದು ಆಕೆ ವಿಚಾರಿಸಿದಳು. ಯಾವ ಪುಸ್ತಕವೋ ಅವರಿಗೆ ತಿಳಿಯಲಿಲ್ಲ.

“ಹಂಗಾರ ಸುತ್ತಿ ಹೋಗ್ರಿ” ಎಂದಳು. ಅವರು ಸುತ್ತಿಯೇ ಹೋದರು.