ಗೊಣಗುವ ಬ್ಯಾಟರಿ, ಗೊಣಗದ ಬ್ಯಾಟರಿ

ಬೈಕಿಗೆ ಬ್ಯಾಟರಿ ಕೊಳ್ಳಲು ಹೋಗಿ ಹೆಂಡತಿಯ ಜೀವ ಉಳಿಸಿಕೊಂಡು ಬಂದವನ ಕಥೆ ಇದು. ಆ ಹೆಂಡತಿ ಈಗ ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮಕ್ಕಳೇ. ಇಲ್ಲದಿದ್ದರೆ ನೀವು ಕಥೆ ಕೇಳುವುದನ್ನು ಬಿಟ್ಟು ಹೆದರುತ್ತ ಕೂರುತ್ತೀರಿ.

ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಪಾಲಯ್ಯನೆಂಬುವನಿದ್ದ. ಹಟ್ಟಿಯಿಂದ ಹಟ್ಟಿಗೆ ಬೈಕಿನಲ್ಲಿ ಹೋಗಿ ಕುರಿಮೇಕೆಗಳಿಗೆ ಲಸಿಕೆ ಹಾಕುವುದು, ಜಂತುಹುಳದ ಔಷಧಿ ಕುಡಿಸುವುದು ಅವನ ಕೆಲಸ. ಮನೆಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ತಾಯಿ ಓಬಜ್ಜಿ, ಇನ್ನೊಬ್ಬಳು ಹೆಂಡತಿ ಬೋರಮ್ಮ.

ಓಬಜ್ಜಿ ಕಣ್ಣು ಬಿಟ್ಟಳೆಂದರೆ ಗೊಣಗಾಟ ಶುರು. ಮಂಡಿ ಹಿಡಿದುಕೊಂಡಿದೆ, ಮುದ್ದೆ ಗಟ್ಟಿಯಾಗಿದೆ, ಫ್ಯಾನಿನ ಗಾಳಿ ಕಿವಿಗೆ ಹೊಡೆಯುತ್ತಿದೆ, ಫ್ಯಾನು ನಿಲ್ಲಿಸಿದರೆ ಸೆಕೆ. ಬೋರಮ್ಮನ ಬಾಯಲ್ಲಿ ಒಂದೇ ಮಾತು: "ಏನಿಲ್ಲ." ಬೆರಳು ಸುಟ್ಟುಕೊಂಡರೂ ಏನಿಲ್ಲ. ಜ್ವರ ಬಂದರೂ ಏನಿಲ್ಲ. ಪಾಲಯ್ಯನಿಗೆ ಇದು ಹೆಮ್ಮೆಯ ವಿಷಯ. "ನನ್ನ ಹೆಂಡ್ತಿ ಇಪ್ಪತ್ತು ವರ್ಷದಲ್ಲಿ ಒಂದು ದಿನ ತಲೆನೋವು ಅಂದೋಳಲ್ಲ" ಎಂದು ಟೀ ಅಂಗಡಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದ.

ಹೀಗಿರುವಾಗ ಅವನ ಬೈಕಿನ ಬ್ಯಾಟರಿ ಕೆಡುತ್ತ ಬಂತು. ಮೂರು ತಿಂಗಳಿಂದ ಹಾರ್ನು ನೆಗಡಿಯಾದ ಕೋಳಿಯಂತೆ ಕೂಗುತ್ತಿತ್ತು. ಲೈಟು ಮಂಕಾಗಿತ್ತು. ಸೆಲ್ಫ್ ಒತ್ತಿದರೆ ಕುಯ್ಯ್, ಕುಯ್ಯ್ ಎಂದು ನರಳುತ್ತಿತ್ತು. ಹೊಸ ಮಾದರಿಯ ಬೈಕು, ಕಿಕ್ಕರ್ ಇಲ್ಲ. ಪಾಲಯ್ಯ ಬೈದುಕೊಂಡು ದಿನ ದೂಡಿದ. ಕೊನೆಗೆ ಒಂದು ದಿನ ಬೆಳಗ್ಗೆ ಮನೆಯ ಮುಂದೆಯೇ ಅದು ಮಾತು ನಿಲ್ಲಿಸಿತು.

"ಬೋರಿ, ಒಂಚೂರು ತಳ್ಳು ಬಾ" ಎಂದ.

ಬೋರಮ್ಮ ಬಂದು ಎರಡು ಕೈಯಿಂದ ತಳ್ಳಿದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಬೈಕು ಕೆಮ್ಮಿ ಸ್ಟಾರ್ಟ್ ಆಯಿತು. ಪಾಲಯ್ಯ ತಿರುಗಿ ನೋಡಿದಾಗ ಅವಳು ಪಕ್ಕದ ಮನೆಯ ಗೋಡೆಗೆ ಒರಗಿ ನಿಂತಿದ್ದಳು. ತಂಪು ಹೊತ್ತಿನಲ್ಲೂ ಹಣೆಯ ತುಂಬ ಬೆವರು.

"ಏನಾಯ್ತು?"

"ಏನಿಲ್ಲ. ಗಾಡಿ ಆಫ್ ಆದೀತು, ಹೋಗ್ ಬನ್ನಿ."

ಅವನು ಹೋದ. ನೇರ ಪೇಟೆಗೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದಿರುವ ದಸ್ತಗೀರ್ ಸಾಬರ ಬ್ಯಾಟರಿ ಅಂಗಡಿಯ ಮುಂದೆ ನಿಂತ. ದಸ್ತಗೀರ್ ಸಾಬರು ನಲವತ್ತು ವರ್ಷದಿಂದ ಬ್ಯಾಟರಿಗಳ ನಾಡಿ ಹಿಡಿದವರು. ಆಸಿಡ್ ಬಿದ್ದು ಅವರ ಅಂಗಿಗಳೆಲ್ಲ ಜರಡಿಯಾಗಿದ್ದವು.

"ಸಾಬ್ರೆ, ಇದನ್ನ ಕಿತ್ತು ಬಿಸಾಕಿ. ಮನೇಲಿ ಅವ್ವ ಗೊಣಗ್ತಾಳೆ, ದಾರೀಲಿ ಇದು ಗೊಣಗ್ತೈತೆ. ನನಗೆ ಹೊಸದು ಹಾಕಿಕೊಡಿ, ಲಿಥಿಯಂದು. ಅದು ತಕರಾರೇ ಮಾಡಲ್ವಂತಲ್ಲ?"

ಸಾಬರು ಮೇಜಿನ ಮೇಲೆ ಎರಡು ಬ್ಯಾಟರಿ ಇಟ್ಟರು. "ಎತ್ತಿ ನೋಡು."

ಸೀಸದ ಬ್ಯಾಟರಿ ಒರಳುಕಲ್ಲಿನ ಹಾಗೆ ಕೈಯನ್ನು ಕೆಳಗೆಳೆಯಿತು. ಲಿಥಿಯಂ ಬ್ಯಾಟರಿ ಕಡ್ಲೆಪುರಿ ಪೊಟ್ಟಣದ ಹಾಗೆ ಮೇಲೆದ್ದಿತು.

"ಸಾಬ್ರೆ, ಇದರೊಳಗೆ ಏನಾದ್ರೂ ಐತೋ, ಬರೀ ಡಬ್ಬಿ ಮಾರ್ತಿದ್ದೀರೋ?"

"ನಿನ್ನ ತಲೆ ಥರ ಅಲ್ಲಪ್ಪ, ಒಳಗೆ ಸರಕು ಐತೆ" ಎಂದರು ಸಾಬರು. "ಕೇಳು. ಎರಡೂ ಒಳ್ಳೇವೇ. ಸೀಸದ್ದು ಭಾರ. ಈ ಥರದ್ದಕ್ಕೆ ಆಗಾಗ ಬ್ಯಾಟರಿ ನೀರು ಹಾಕ್ಬೇಕು. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದ್ರೆ ಸೊರಗಿಹೋಗ್ತೈತೆ. ಆದ್ರೆ ರೇಟು ಕಮ್ಮಿ, ಯಾವ ಊರಲ್ಲಾದ್ರೂ ಸಿಗ್ತೈತೆ. ಲಿಥಿಯಂ ಹಗುರ. ನೀರು ಕೇಳಲ್ಲ. ನಿಲ್ಲಿಸಿದ್ರೂ ಚಾರ್ಜು ಹಿಡ್ಕಂಡಿರ್ತೈತೆ. ಗಾಡಿಯಿಂದ ಬರೋ ಚಾರ್ಜು ಮಾತ್ರ ಸರಿಯಾಗಿರ್ಬೇಕು, ಅದನ್ನ ನಾನು ನೋಡ್ಕೊಡ್ತೀನಿ."

"ಮತ್ತಿನ್ನೇನು, ಅದನ್ನೇ ಹಾಕಿ."

"ತಡಿ, ಸ್ವಭಾವ ಹೇಳಿಲ್ಲ ಇನ್ನೂ. ಹೆಣ್ಣು ನೋಡೋಕೆ ಹೋದಾಗ ಬರೀ ಬಣ್ಣ ನೋಡ್ಕಂಡು ಬರ್ತಾರಾ?" ಸಾಬರು ಹಳೆಯ ಬ್ಯಾಟರಿಯ ಮೇಲೆ ಬೆರಳಿನಿಂದ ಕುಟ್ಟಿದರು. "ಇದು ಸಾಯೋ ಮುಂಚೆ ನಿನಗೆ ಹೇಳ್ಲಿಲ್ವಾ?"

"ಹೇಳಿದ್ದೇ ಹೇಳಿದ್ದು! ಮೂರು ತಿಂಗಳಿಂದ ತಲೆ ತಿಂದೈತೆ."

"ಅದೇ ಅದರ ಗುಣ. ಸೀಸದ್ದು ಮೆಲ್ಲಗೆ ಇಳೀತೈತೆ. ಲೈಟು ಮಂಕಾಗ್ತೈತೆ, ಹಾರ್ನಿನ ಗಂಟಲು ಕಟ್ತೈತೆ, ಸೆಲ್ಫ್ ನರಳ್ತೈತೆ. ನನ್ನ ಕೈಲಿ ಆಗ್ತಿಲ್ಲ ಕಣಯ್ಯ, ನೋಡು ಅಂತೈತೆ. ಹೇಳಿದ್ದಕ್ಕೇ ನಿನಗೆ ಸಿಟ್ಟು. ಲಿಥಿಯಂ ಹಂಗಲ್ಲ. ಒಳಗೆ ಬರಿದಾಗ್ತಾ ಬಂದ್ರೂ ಲೈಟು ಹಂಗೇ ಉರೀತೈತೆ, ಹಾರ್ನು ಹಂಗೇ ಕೂಗ್ತೈತೆ. ನಿನ್ನೆ ಇದ್ದಂಗೇ ಇವತ್ತೂ. ಕೊನೇ ತೊಟ್ಟು ಖಾಲಿಯಾದಾಗ ಟಪ್ ಅಂತ ಎಲ್ಲಾ ಬಂದ್. ಬಟ್ಟಬಯಲಲ್ಲಿ ನಿಂತಿರ್ತೀಯ."

ಪಾಲಯ್ಯ ನಕ್ಕುಬಿಟ್ಟ. "ಮೇಕೆಗೂ ಕುರಿಗೂ ಇರೋ ಫರಕು ಅನ್ನಿ!"

"ಅದ್ಹೆಂಗೆ?"

"ಮೇಕೆಗೆ ಸೂಜಿ ತೋರಿಸಿದ್ರೆ ಸಾಕು, ಕತ್ತು ಕುಯ್ದಂಗೆ ಅರಚ್ತೈತೆ. ಕುರಿ ಕತ್ತು ಕುಯ್ದರೂ ಸುಮ್ಕಿರ್ತೈತೆ. ಮೈಯಲ್ಲಿ ಹುಷಾರಿಲ್ಲದಿದ್ರೂ ಮಂದೆ ಜತೆ ತಲೆ ಬಗ್ಗಿಸ್ಕಂಡು ನಡೀತಾನೇ ಇರ್ತೈತೆ. ಬಿದ್ದ ಮೇಲೇ ಗೊತ್ತಾಗೋದು."

"ಮತ್ತೆ ನೀನು ಹೆಂಗೆ ಪತ್ತೆ ಹಚ್ತೀಯ?"

"ಕಣ್ಣು ನೋಡ್ತೀನಿ ಸಾಬ್ರೆ. ಕೆಳಗಿನ ರೆಪ್ಪೆ ಹಿಂಗೆ ಎಳೆದು ನೋಡೋದು. ಒಳಗೆ ಕೆಂಪಗಿದ್ರೆ ಕುರಿ ಗಟ್ಟಿ. ಬೆಳ್ಳಗಿದ್ರೆ ರಕ್ತ ಇಲ್ಲ ಅಂತ. ದಿನಕ್ಕೆ ನೂರು ಕುರಿ ಕಣ್ಣು ನೋಡ್ತೀನಿ. ಮೇಕೆ ತಾನೇ ಬಂದು ಹೇಳ್ತೈತೆ. ಕುರೀನ ನಾವೇ ಹೋಗಿ ಕೇಳ್ಬೇಕು."

"ಹಾಂ! ಲಿಥಿಯಂ ಬೇಕಂದ್ರೆ ಅದನ್ನೂ ಹಂಗೇ ಕೇಳ್ಬೇಕು. ಹ್ಯಾಂಡಲ್ ಹತ್ರ ಒಂದು ಸಣ್ಣ ಮೀಟರ್ ಕೂರಿಸಿಕೊಡ್ತೀನಿ. ದಿನಾ ಬೆಳಗ್ಗೆ ನೋಡು. ಅಂಕಿ ಒಂಚೂರು ಇಳಿದಿದ್ರೂ ನನ್ನ ಹತ್ರ ಬಾ. 'ಅದು ಏನೂ ಹೇಳ್ಲಿಲ್ಲ ಸಾಬ್ರೆ, ಸರಿಯಾಗೈತೆ ಅಂದ್ಕಂಡಿದ್ದೆ' ಅಂತ ಆಮೇಲೆ ಬಂದು ಅಳಬ್ಯಾಡ."

"ಆಯ್ತು ಬಿಡಿ" ಎನ್ನಲು ಪಾಲಯ್ಯ ಬಾಯಿ ತೆರೆದ. 

ಅಷ್ಟರಲ್ಲಿ ಬೆಳಗಿನ ಗೋಡೆ ಅವನ ಕಣ್ಣಿಗೆ ಕಟ್ಟಿತು. ಗೋಡೆಗೆ ಒರಗಿದ ಬೋರಮ್ಮ. ಹಣೆಯ ಬೆವರು. ಅವಳ ತುಟಿಗೆ ಬಣ್ಣವೇ ಇರಲಿಲ್ಲವಲ್ಲ? ಮೊನ್ನೆ ನೀರಿನ ಕೊಡ ಹೊತ್ತು ತರುವಾಗ ಎರಡು ಕಡೆ ಇಳಿಸಿದ್ದಳು. ಎರಡು ವಾರದಿಂದ ಮುದ್ದೆ ತೊಳಸುವಾಗ ಅಲ್ಲಲ್ಲೇ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಅವನು ಎಲ್ಲವನ್ನೂ ನೋಡಿದ್ದ. ಕೇಳಿಯೂ ಕೇಳಿದ್ದ. ಏನಿಲ್ಲ ಎಂದಿದ್ದಳು. ಏನೂ ಹೇಳಲಿಲ್ಲ, ಸರಿಯಾಗಿದ್ದಾಳೆ ಅಂದುಕೊಂಡಿದ್ದ.

ಮನೆಗೆ ಫೋನು ಮಾಡಿದ. ಎತ್ತಿದ್ದು ಓಬಜ್ಜಿ.

"ಪಾಲಯ್ಯನಾ? ನನ್ನ ಮಂಡಿ ಮಾತ್ರೆ ತಗಂಬಾ ಅಂದಿದ್ನಲ್ಲ, ಮರೆತಿದ್ರೆ ನೋಡು ಮತ್ತೆ..."

"ಅವ್ವ, ಬೋರಿ ಎಲ್ಲಿ?"

"ಮಲಗವಳೆ ಕಣೋ. ಬಿಸಿಲು ಏರಿತು, ಒಲೆ ಹಚ್ಚಿಲ್ಲ. ಏನೇ ಅಂದ್ರೆ ಏನಿಲ್ಲ ಅತ್ತೆಮ್ಮ ಅಂತಾಳೆ. ಹಗಲು ಹೊತ್ತು ಅವಳು ಬೆನ್ನು ಹಾಸಿದ್ದನ್ನ ನಾನು ಇವತ್ತೇ ನೋಡಿದ್ದು. ಹೊಟ್ಟೆ ಹಸಿದು ಹೇಳ್ತಿಲ್ಲಪ್ಪ, ನನಗ್ಯಾಕೋ ಎದೆ ಹೊಡ್ಕಂತೈತೆ. ಬಂದ್ಬಿಡು."

ಪಾಲಯ್ಯ ಫೋನು ಜೇಬಿಗಿಟ್ಟ. "ಸಾಬ್ರೆ, ಯಾವುದಾದ್ರೂ ಹಾಕಿ, ಬೇಗ ಹಾಕಿ. ನನ್ನ ಹೆಂಡ್ತಿಗೆ ಹುಷಾರಿಲ್ಲ."

"ಈ ಸೀಸದ್ದಕ್ಕೆ ಆಸಿಡ್ ತುಂಬಿ ಚಾರ್ಜಿಗಿಡ್ಬೇಕು, ಸಂಜೆ ಆಗ್ತೈತೆ. ಲಿಥಿಯಂ ತಯಾರೈತೆ" ಎನ್ನುತ್ತಲೇ ಸಾಬರು ಸ್ಪ್ಯಾನರ್ ಹಿಡಿದರು. ಎರಡು ನಟ್ಟು ಬಿಚ್ಚಿದರು, ಎರಡು ನಟ್ಟು ಬಿಗಿದರು. ಸ್ಟಾರ್ಟ್ ಮಾಡಿಸಿ ಗಾಡಿಯ ಚಾರ್ಜು ಸರಿಯಿದೆಯೇ ಎಂದು ಒಮ್ಮೆ ನೋಡಿದರು. "ಮೀಟರೂ ದುಡ್ಡೂ ಆಮೇಲೆ. ನಡಿ, ನಡಿ."

ಮನೆಗೆ ಬಂದಾಗ ಬೋರಮ್ಮ ಚಾಪೆಯ ಮೇಲಿದ್ದಳು. ಅವನನ್ನು ಕಂಡು ಎದ್ದು ಕೂರಲು ನೋಡಿದಳು.

"ಯಾಕೆ ಬಂದ್ರಿ? ಹಟ್ಟಿಗಳು ಮುಗಿದ್ವಾ?"

ಪಾಲಯ್ಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದ.

"ಅಯ್ಯೋ, ನಾನೇನು ಕುರಿನಾ?" ಎಂದು ಅವಳು ನಗಲು ಹೋದಳು.

ಒಳಗೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಇಂಥ ಕಣ್ಣಿನ ಕುರಿ ಮರುದಿನಕ್ಕೆ ಉಳಿದದ್ದನ್ನು ಅವನು ಹೆಚ್ಚು ಕಂಡಿರಲಿಲ್ಲ.

"ಎಷ್ಟು ದಿನದಿಂದ ಹಿಂಗೈತೆ?"

"ಏನಿ..."

"ಏನಿಲ್ಲ ಅನ್ಬ್ಯಾಡ ಬೋರಿ. ಏನೈತೆ, ಅದನ್ನ ಹೇಳು."

ಬೋರಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಒಂದೊಂದಾಗಿ ಹೇಳಿದಳು. ಐದು ತಿಂಗಳಿಂದ ಮುಟ್ಟು ನಿಲ್ಲುತ್ತಿಲ್ಲ. ಹದಿನೈದು ದಿನವಾದರೂ ಹೋಗುತ್ತಲೇ ಇರುತ್ತದೆ. ತಲೆ ಸುತ್ತುತ್ತದೆ. ಎದೆ ಡಬಡಬ ಹೊಡೆದುಕೊಳ್ಳುತ್ತದೆ.

"ಐದು ತಿಂಗಳು! ನನಗ್ಯಾಕೆ ಹೇಳ್ಲಿಲ್ಲ?"

"ಅತ್ತೆಮ್ಮಂಗೆ ಮಂಡಿ, ನಿಮಗೆ ಗಾಡಿ. ಮಧ್ಯೆ ನಂದೂ ಒಂದು ಯಾಕೆ ಅಂತ..."

ಬಾಗಿಲಲ್ಲಿ ನಿಂತಿದ್ದ ಓಬಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಪಾಲಯ್ಯ ಓಡಿಹೋಗಿ ಊರಿನ ಆಟೋ ಕರೆತಂದ. ಮಂಡಿ ಮಾತ್ರೆ ಬಂದಿಲ್ಲವೆಂದು ಮುದುಕಿ ಆ ದಿನ ಒಂದು ಮಾತೂ ಆಡಲಿಲ್ಲ. ನೋವಿನ ಕಾಲನ್ನು ಎಳೆದುಕೊಂಡೇ ಆಟೋ ಹತ್ತಿ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ ಹುಬ್ಬೇರಿಸಿದರು. "ರಕ್ತದ ಅಂಶ ಹನ್ನೆರಡು ಇರಬೇಕಾದ ಕಡೆ ಐದೂ ಇಲ್ಲ. ಈ ಸ್ಥಿತೀಲಿ ಮನೆಗೆಲಸ ಮಾಡ್ತಿದ್ರಾ ಇವರು?"

"ಇವತ್ತು ಬೆಳಗ್ಗೆ ಬೈಕೂ ತಳ್ಳಿದಾಳೆ ಡಾಕ್ಟ್ರೆ" ಎಂದ ಪಾಲಯ್ಯ. ಹೇಳುವಾಗ ಅವನ ತಲೆ ತಾನಾಗಿ ಬಗ್ಗಿತು.

"ಇನ್ನೊಂದು ವಾರ ಹೀಗೇ ಬಿಟ್ಟಿದ್ರೆ ಎದೆ ಸೋತುಹೋಗ್ತಿತ್ತು. ಹೇಗೆ ಗೊತ್ತಾಯ್ತು ನಿಮಗೆ?"

"ಕಣ್ಣು ನೋಡಿದೆ. ಕುರಿಗೆ ನೋಡ್ತೀವಲ್ಲ, ಹಂಗೆ."

ಡಾಕ್ಟರಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ಕುರಿಗಳಿಗಿಂತ ತಡವಾಗಿ ನೋಡಿದ್ದೀರಿ. ಆದರೂ ನೋಡಿದ್ರಲ್ಲ, ಪುಣ್ಯ."

ರಕ್ತ ಏರಿಸಿದರು. ಗರ್ಭಕೋಶದಲ್ಲಿ ಗಡ್ಡೆಯಿತ್ತು, ಅದು ಕೆಟ್ಟ ಗಡ್ಡೆಯಲ್ಲ, ಚಿಕಿತ್ಸೆಯಿಂದ ವಾಸಿಯಾಗುವಂಥದ್ದು ಎಂದು ಪರೀಕ್ಷೆಯಿಂದ ತಿಳಿಯಿತು. ಆ ಮಾತು ಕಿವಿಗೆ ಬಿದ್ದ ಮೇಲೆ ಪಾಲಯ್ಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಯಾರೋ ಕೊಟ್ಟ ಚಿತ್ರಾನ್ನದ ಪೊಟ್ಟಣ ಬಿಚ್ಚಿದ. ಎರಡು ದಿನದ ಮೇಲೆ ನಾಲಿಗೆಗೆ ಉಪ್ಪು ಹುಳಿ ಗೊತ್ತಾಯಿತು. ಮೂರನೆಯ ದಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಎಳೆಯ ದಾಳಿಂಬೆ ಹೂವಿನಂಥ ಬಣ್ಣ. ಅವನಿಗೆ ಕುಣಿಯಬೇಕೆನಿಸಿತು. ಪಕ್ಕದ ಮಂಚದವರು ನೋಡುತ್ತಿದ್ದರೆಂದು ಸುಮ್ಮನಾದ.

ಬೈಕಿಗೆ ಲಿಥಿಯಂ ಬ್ಯಾಟರಿಯೇ ಉಳಿಯಿತು. ದುಡ್ಡು ಕೊಡಲು ಹೋದ ದಿನ ಸಾಬರು ಮೀಟರ್ ಕೂರಿಸಿಕೊಟ್ಟರು. ದಿನಾ ಬೆಳಗ್ಗೆ ಅದರ ಅಂಕಿ ನೋಡುವುದು ಪಾಲಯ್ಯನಿಗೆ ರೂಢಿಯಾಯಿತು. ಅದಕ್ಕಿಂತ ಮೊದಲು ಅಡುಗೆಮನೆಗೆ ಹೋಗಿ ಬೋರಮ್ಮನ ಎದುರು ಕೂತು ಕೇಳುವುದೂ ರೂಢಿಯಾಯಿತು. ಅವಳು ಏನಿಲ್ಲ ಎಂದರೆ ಅವನು ಏಳುತ್ತಿರಲಿಲ್ಲ. ಅಲ್ಲೇ ಕೂತಿರುತ್ತಿದ್ದ.

ಚಿಕಿತ್ಸೆಯೆಲ್ಲ ಮುಗಿದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹಾಗೇ ಕೇಳಿದ. "ಹೆಂಗಿದೀಯ ಬೋರಿ?"

ಬೋರಮ್ಮ ಲಟ್ಟಣಿಗೆ ಕೆಳಗಿಟ್ಟಳು. "ಹೆಂಗಿರಲಿ? ಸೊಂಟ ಹಿಡ್ಕಂಡೈತೆ. ಆ ಕಬ್ಬಿಣದ ಮಾತ್ರೆ ತಿಂದು ಬಾಯೆಲ್ಲ ಕಹಿ. ರಾತ್ರಿಯೆಲ್ಲ ನಿಮ್ಮ ಗೊರಕೆ. ಆಸ್ಪತ್ರೇಲಿ ಪಕ್ಕದ ಮಂಚದೋರು ಎದ್ದು ಕೂತಿದ್ರು ಗೊತ್ತಾ? ಮತ್ತೆ ನೀವು ತಂದ ತೊಗರಿಬೇಳೆ, ಎಷ್ಟು ಹೊತ್ತು ಬೇಯಿಸಿದ್ರೂ ಬೇಯಲ್ಲ. ನೋಡಿ ತರಬಾರದಾ?"

ಪಾಲಯ್ಯ ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತ. ಇಪ್ಪತ್ತು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂದಂತಿತ್ತು. ಅವನಿಗೆ ನಗು ಉಕ್ಕಿ, ಕೈಯಲ್ಲಿದ್ದ ಟೀ ಪಂಚೆಯ ಮೇಲೆ ಚೆಲ್ಲಿತು.

"ನಗ್ತೀರಲ್ಲ! ಆ ಕಲೆ ಒಗೆಯೋರು ಯಾರು?"

ನಡುಮನೆಯಿಂದ ಓಬಜ್ಜಿಯ ದನಿ ಬಂತು. "ಅಯ್ಯೋ ಶಿವನೇ, ಇವಳೇ ಹಿಂಗೆ ಶುರು ಮಾಡಿದ್ರೆ ಇನ್ನು ನನ್ನ ಮಂಡಿ ಗೋಳು ಕೇಳೋರು ಯಾರು?"

"ನಾನು ಕೇಳ್ತೀನಿ ಹೇಳವ್ವ" ಎಂದು ಪಾಲಯ್ಯ ಎದ್ದು ಹೋಗಿ ತಾಯಿಯ ಕಾಲ ಬುಡದಲ್ಲಿ ಕೂತ.

ನೀತಿ: ನೋವನ್ನು ಬಾಯಿಬಿಟ್ಟು ಹೇಳುವವರ ಮೇಲೆ ಸಿಡುಕಬೇಡಿ; ಕೆಡುಕು ಬರುವ ಮೊದಲೇ ನಮ್ಮನ್ನು ಎಬ್ಬಿಸುವವರು ಅವರು. ಏನೂ ಹೇಳದವರನ್ನು ಗಟ್ಟಿಗರೆಂದು ಬಿಟ್ಟುಬಿಡಬೇಡಿ. "ಏನಿಲ್ಲ" ಎಂದವರನ್ನು ಇನ್ನೊಂದು ಸಲ ಕೇಳಿ, ಕಣ್ಣು ನೋಡಿ ಕೇಳಿ.